ಕಪ್ಪು ಅಸ್ತರಿನ ಮೇಲೆ ಮೂವತ್ತೊಂದನೆಯ ಹನಿ

ಮೇಲಿನ ಅಂಕಣದಲ್ಲಿ ಹೆಸರು ಬರೆಸಿರುವ ನಾನು, ವಯಸ್ಸು ನಲವತ್ತೆಂಟು, ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರೆ, ಉದ್ಯೋಗ ವಿಶ್ವವಿದ್ಯಾಲಯದ ಲೇಸರ್ ಪ್ರಯೋಗಾಲಯದಲ್ಲಿ ಹಿರಿಯ ತಾಂತ್ರಿಕ ಅಧಿಕಾರಿ, ವಾಸ ಅದೇ ಪ್ರಯೋಗಾಲಯದ ಹಿಂದಿನ ಬೀದಿಯ ಮೂರನೇ ಮಹಡಿ, ಯಾರ ಒತ್ತಾಯವೂ ಇಲ್ಲದೆ ಈ ದಿನ ಸಂಜೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಇಂದು ಮಧ್ಯಾಹ್ನ ನಮ್ಮ ಪ್ರಯೋಗಾಲಯದಿಂದ ಒಂದು ಗಾಜಿನ ಸ್ಲೈಡ್ ಕಳುವಾಗಿದೆ ಎಂದು ನಮ್ಮ ಮುಖ್ಯಸ್ಥರು ಇದೇ ಠಾಣೆಗೆ ದೂರು ಕೊಟ್ಟಿರುತ್ತಾರೆ. ಅದನ್ನು ಯಾರು ತೆಗೆದುಕೊಂಡು ಹೋದರು, ಏಕೆ, ಆಮೇಲೆ ಏನಾಯಿತು ಎಂಬುದನ್ನು ನಾನು ಕಂಡಷ್ಟು ಮತ್ತು ಕೇಳಿದಷ್ಟು ಹೇಳುತ್ತೇನೆ. ಕಾಣದ್ದನ್ನು ಕಂಡೆನೆಂದು ಹೇಳುವುದಿಲ್ಲ.

ನಮ್ಮ ಕೆಲಸ ಏನೆಂದು ಇನ್‌ಸ್ಪೆಕ್ಟರ್ ಅವರು ಮೊದಲು ಕೇಳಿದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ರಕ್ತದಲ್ಲಿರುವ ಒಂದು ಪ್ರೋಟೀನನ್ನು ಅಳೆಯುವುದು ನಮ್ಮ ಕೆಲಸ. ಮೂತ್ರಪಿಂಡ ಹಾಳಾಗಲು ಶುರುವಾದರೆ, ಬೇರೆ ಯಾವ ಪರೀಕ್ಷೆಗೂ ಗೊತ್ತಾಗುವ ಮೊದಲೇ ಈ ಪ್ರೋಟೀನ್ ಹೆಚ್ಚುತ್ತದೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಆದ್ದರಿಂದ ಅದಕ್ಕೆ ಮಾತ್ರ ಅಂಟಿಕೊಳ್ಳುವ ಒಂದು ಲೋಹದ ಅತಿ ಸಣ್ಣ ಕಣಗಳನ್ನು ಅಂಟಿಸುತ್ತೇವೆ. ಎಷ್ಟು ಪ್ರೋಟೀನ್ ಇದೆಯೋ ಅಷ್ಟು ಲೋಹ. ಆ ಹನಿಗಳನ್ನು ಗಾಜಿನ ಸ್ಲೈಡ್ ಮೇಲೆ ಸಾಲಾಗಿ ಇಟ್ಟು ಒಣಗಿಸಿ, ಒಂದೊಂದಕ್ಕೂ ಲೇಸರ್ ಬೆಳಕನ್ನು ಸೂಜಿಮೊನೆಗಿಂತ ಚೂಪಾಗಿಸಿ ಹೊಡೆಯುತ್ತೇವೆ. ಹನಿಯಲ್ಲಿ ಒಂದು ಕಿಡಿ ಏಳುತ್ತದೆ. ಅದು ಬರೀ ಬೆಂಕಿಯಲ್ಲ. ಪದಾರ್ಥವೇ ಒಡೆದು ಬೆಳಕಾಗುವ ಸ್ಥಿತಿ. ಅದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ರೆಪ್ಪೆ ಬಡಿಯುವಷ್ಟು ಹೊತ್ತೂ ಅದು ಇರುವುದಿಲ್ಲ. ಅಷ್ಟರಲ್ಲಿ ಒಳಗಿದ್ದ ಪ್ರತಿಯೊಂದು ಧಾತುವೂ ತನ್ನ ಬಣ್ಣವನ್ನು ಹೇಳಿ ಹೋಗುತ್ತದೆ. ಆ ಬಣ್ಣ ಎಷ್ಟು ಗಾಢವೋ ಲೋಹ ಅಷ್ಟು, ಲೋಹ ಎಷ್ಟೋ ಪ್ರೋಟೀನ್ ಅಷ್ಟು.

ಇದನ್ನು ಬರೆದುಕೊಳ್ಳುತ್ತಿದ್ದ ಠಾಣೆಯ ಬರಹಗಾರರು, "ಅಂದ್ರೆ ಮೇಡಂ, ರಕ್ತಕ್ಕೆ ಸಿಡಿಲು ಹೊಡೆಸಿ ಬಾಯಿ ಬಿಡಿಸ್ತೀರಿ. ನಮ್ಮ ಕೆಲಸವೇ ಆಯ್ತಲ್ಲ" ಎಂದರು. ಇನ್‌ಸ್ಪೆಕ್ಟರ್ ಅವರತ್ತ ನೋಡಿದರು. ಬರಹಗಾರರು ತಲೆ ತಗ್ಗಿಸಿ ಬರೆಯತೊಡಗಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ ಎಂದು ನಾನು ತಿಳಿಸಿರುತ್ತೇನೆ. ಯಂತ್ರ ಚಟ್ ಚಟ್ ಎಂದು ಸಿಡಿಯುವುದರಿಂದ ನಾವೂ ಅದನ್ನು ಸಿಡುಕಿ ಎಂದು ಕರೆಯುತ್ತೇವೆ.

ಕಳೆದ ಆರು ತಿಂಗಳಿಂದ ನಗರದ ದೊಡ್ಡ ಆಸ್ಪತ್ರೆಯವರು ಮೂತ್ರಪಿಂಡ ದಾನ ಮಾಡಲು ಮುಂದೆ ಬರುವವರ ರಕ್ತವನ್ನು ನಮಗೂ ಕಳಿಸುತ್ತಿದ್ದಾರೆ. ನಮ್ಮದು ಇನ್ನೂ ಪ್ರಯೋಗದ ಹಂತದಲ್ಲಿರುವ ಪರೀಕ್ಷೆ. ಆದರೂ ನಮ್ಮ ಅಂಕಿ ನಲವತ್ತನ್ನು ದಾಟಿದರೆ ವೈದ್ಯರು ದಾನಿಯನ್ನು ಮೂರು ತಿಂಗಳು ಕಾಯಿಸಿ ಮತ್ತೆ ಪರೀಕ್ಷೆ ಮಾಡಿಸುತ್ತಾರೆ. ರಕ್ತದ ಕೊಳವೆಗಳ ಮೇಲೆ ಹೆಸರಿರುವುದಿಲ್ಲ. ಒಂದು ಸಂಖ್ಯೆ ಮತ್ತು ವಯಸ್ಸು ಮಾತ್ರ ಇರುತ್ತದೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಹನ್ನೆರಡು ಜನರ ಹನಿಗಳನ್ನು ಸ್ಲೈಡಿನ ಮೇಲೆ ಇಟ್ಟೆನು. ನಮ್ಮ ಪದ್ಧತಿಯಂತೆ ಎಡತುದಿಯಲ್ಲಿ ಗಟ್ಟಿ ಮಾದರಿ ಇರುತ್ತದೆ. ಅದು ಯಾರ ರಕ್ತವೂ ಅಲ್ಲ. ಲೋಹ ಬೇಕೆಂದೇ ತುಂಬಿದ, ಯಂತ್ರದ ಕಣ್ಣನ್ನು ಹೊಂದಿಸಿಕೊಳ್ಳಲು ಬಳಸುವ ಹನಿ. ಅದಕ್ಕೇ ಮೊದಲ ಹೊಡೆತ. ಅದರ ಪಕ್ಕದಿಂದ ದಾನಿಗಳ ಹನಿಗಳು. ಅವುಗಳನ್ನು ನಾನು ವಯಸ್ಸಿನ ಕ್ರಮದಲ್ಲಿ ಇಡುತ್ತೇನೆ. ಹಿರಿಯರು ಮೊದಲು, ಕಿರಿಯರು ಕೊನೆಗೆ. ಹೀಗೇ ಇಡಬೇಕೆಂದು ಯಾರೂ ಹೇಳಿಲ್ಲ. ಮನೆಗೆ ನಾಲ್ಕು ಜನ ಬಂದರೆ ಹಿರಿಯರಿಗೆ ಮೊದಲು ಕುರ್ಚಿ ಎಳೆದು ಕೊಡುತ್ತೇವಲ್ಲ, ಹಾಗೆ ಕೈ ತಾನಾಗಿ ಮಾಡುವ ಕೆಲಸ. ಈ ವಿಷಯ ಮುಂದೆ ಬರುವುದರಿಂದ ಇಲ್ಲಿ ಬರೆಸಿದ್ದೇನೆ.

ಆ ದಿನದ ಹಿರಿಯರು ಮೂವತ್ತೊಂದನೆಯ ಸಂಖ್ಯೆಯವರು, ವಯಸ್ಸು ಅರವತ್ತೊಂದು. ಅವರ ಅಂಕಿ ಅರವತ್ತೇಳು ಬಂತು. ಅವರ ನಂತರದವರದು ನಲವತ್ತರ ಒಳಗೆ, ಅವರ ನಂತರದವರದು ಇನ್ನೂ ಕಡಿಮೆ, ಹೀಗೆ ಇಳಿಯುತ್ತ ಕೊನೆಯ ಹುಡುಗನದು ಇಪ್ಪತ್ತು. ಹಿಂದಿನ ಸ್ಲೈಡುಗಳಲ್ಲೂ ಹೀಗೇ ಬಂದಿತ್ತು. ವಯಸ್ಸಿನ ಜೊತೆ ಈ ಪ್ರೋಟೀನ್ ಏರುತ್ತದೆ ಎಂಬುದು ನಮ್ಮ ಮುಖ್ಯಸ್ಥರು ಕಂಡುಕೊಂಡ ಹೊಸ ವಿಷಯ. ಅದರ ಪ್ರಬಂಧ ಈ ಶುಕ್ರವಾರ, ಅಂದರೆ ನಾಳೆ, ಕಳಿಸುವುದಿತ್ತು. ಅಂಕಿಗಳನ್ನು ಚುಕ್ಕೆಯಾಗಿ ಇಟ್ಟು ಗೆರೆ ಎಳೆದರೆ ಬಹಳ ಚೆಂದದ ಒಂದು ಬಾಗು ಬರುತ್ತಿತ್ತು. ಒಳ್ಳೆಯ ಪದ್ಯದ ಕೊನೆಯ ಸಾಲು ಇಳಿದಂತೆ ಅದು ಇಳಿಯುತ್ತಿತ್ತು. ನಾನು ಅದನ್ನು ನನ್ನ ಮೇಜಿನ ಎದುರು ಗೋಡೆಗೆ ಅಂಟಿಸಿಕೊಂಡಿದ್ದೆ.

ಇಂದು ಗುರುವಾರ ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಪ್ರಯೋಗಾಲಯದ ಬಾಗಿಲನ್ನು ಯಾರೋ ತಟ್ಟಿದರು. ತೆರೆದಾಗ ಒಬ್ಬ ಹೆಂಗಸು ನಿಂತಿದ್ದರು. ಹೆಗಲಿಗೆ ಒಂದು ಬಟ್ಟೆಯ ಚೀಲ, ಕೊರಳಲ್ಲಿ ಅಳತೆ ಟೇಪು. ಟೇಪನ್ನು ತೆಗೆದಿಡಲು ಮರೆತು ಅಂಗಡಿಯಿಂದ ನೇರ ಬಂದಿದ್ದರೆಂದು ಆಮೇಲೆ ತಿಳಿಯಿತು. ಬಸ್ ನಿಲ್ದಾಣದ ಎದುರು ಬಟ್ಟೆ ಹಿಗ್ಗಿಸಿ ಕುಗ್ಗಿಸಿ ಕೊಡುವ ಸಣ್ಣ ಅಂಗಡಿ ಅವರದು. ಎಲ್ಲರೂ ಟೈಲರಮ್ಮ ಎನ್ನುತ್ತಾರಂತೆ. ನಾನೂ ಹಾಗೇ ಕರೆಯುತ್ತೇನೆ.

ಆಸ್ಪತ್ರೆಯ ಚೀಟಿ ತೋರಿಸಿ, "ಮೂವತ್ತೊಂದು ಅಂದ್ರೆ ನಾನೇ ಕಣಮ್ಮ" ಎಂದರು.

ದಾನಿಗಳ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರು ನನಗೆ ಕೊಳವೆಯ ಮೇಲಿನ ಸಂಖ್ಯೆಗಳಾಗಿದ್ದರು. ಅವರನ್ನು ಒಳಗೆ ಕರೆದು ಕುರ್ಚಿ ಕೊಟ್ಟೆ. ಹೊರಗಿನವರನ್ನು ಒಳಗೆ ಬಿಡಬಾರದು ಎಂಬ ನಿಯಮವಿದೆ. ಅದನ್ನು ಮುರಿದವಳು ನಾನು, ಅವರಲ್ಲ.

ಅವರು ಹೇಳಿದ್ದು ಹೀಗೆ. ಅವರ ಸೊಸೆಯ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ಸೊಸೆ ಮಕ್ಕಳ ಶಾಲೆಯಲ್ಲಿ ಸಂಗೀತದ ಟೀಚರ್. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಯಂತ್ರದಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳುತ್ತಾರೆ. ಮಗನ ರಕ್ತದ ಗುಂಪು ಹೊಂದಲಿಲ್ಲ. ತವರಿನಲ್ಲಿ ಕೊಡುವವರು ಯಾರೂ ಇಲ್ಲ.

"ಕೊನೆಗೆ ನನ್ನದೇ ಹೊಂದಿತು ನೋಡಿ. ಹದಿನೆಂಟು ವರ್ಷದಲ್ಲಿ ನನಗೂ ಅವಳಿಗೂ ಹೊಂದಿದ್ದು ಅದೊಂದೇ" ಎಂದು ಟೈಲರಮ್ಮ ಹೇಳಿದರು. ಹೇಳಿ ತಾವೇ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಅತ್ತೆ ಸೊಸೆಗೆ ಕೊಡುವುದು ಅಪರೂಪವಾದ್ದರಿಂದ ಆಸ್ಪತ್ರೆಯ ಸಮಿತಿ ಒಪ್ಪಬೇಕು. ಸಮಿತಿ ಸೇರುವುದು ಮೂರು ತಿಂಗಳಿಗೊಮ್ಮೆ. ಈ ಸಲದ ಸಭೆ ನಾಳೆ ಬೆಳಿಗ್ಗೆ ಹತ್ತೂವರೆಗೆ. ಎಲ್ಲ ಕಾಗದವೂ ಸಿದ್ಧವಾಗಿತ್ತು. ನಿನ್ನೆ ಸಂಜೆ ವೈದ್ಯರು ಕರೆದು, ನಿಮ್ಮ ಅಂಕಿ ಹೆಚ್ಚಿದೆ, ಈ ಸಲ ಆಗುವುದಿಲ್ಲ, ಮುಂದಿನ ಸಭೆಗೆ ನೋಡೋಣ ಎಂದರಂತೆ. ಸೊಸೆಗೆ ಹೋದ ವರ್ಷ ಎರಡು ಸಲ ಸೋಂಕು ತಗುಲಿ ಶಸ್ತ್ರಚಿಕಿತ್ಸೆ ಮುಂದೆ ಹೋಗಿತ್ತು. ಈಗ ಮೈ ಸುಧಾರಿಸಿದೆ. ಮೂರು ತಿಂಗಳ ನಂತರ ಹೇಗೋ ಏನೋ ಯಾರಿಗೂ ಗೊತ್ತಿಲ್ಲ.

"ನನಗೆ ಏನೂ ಆಗಿಲ್ಲ ಕಣಮ್ಮ. ಮೂರು ಮಹಡಿ ಹತ್ತಿ ಬಂದೆ, ಉಸಿರು ಮೇಲೆ ಕೆಳಗೆ ಆಗಿದೆಯಾ ನೋಡು. ಇನ್ನೊಂದ್ಸಲ ಅಳೆದು ನೋಡು. ನಾನು ಬಟ್ಟೆ ಕತ್ತರಿಸೋಕೆ ಮುಂಚೆ ಎರಡು ಸಲ ಅಳೀತೀನಿ. ನೀವು ಮನುಷ್ಯರನ್ನ ಒಂದೇ ಸಲ ಅಳೆದು ಕತ್ತರಿಸಿಬಿಡ್ತೀರಲ್ಲ" ಎಂದರು.

ಆಸ್ಪತ್ರೆಯ ಪತ್ರವಿಲ್ಲದೆ ಮತ್ತೆ ಅಳೆಯುವ ಅಧಿಕಾರ ನನಗಿಲ್ಲ, ಮುಖ್ಯಸ್ಥರನ್ನು ಕೇಳಿ ಬರುತ್ತೇನೆ ಎಂದು ಹೇಳಿ ಹನ್ನೆರಡು ನಲವತ್ತಕ್ಕೆ ಮೇಲಿನ ಮಹಡಿಗೆ ಹೋದೆ. ಹೋಗುವಾಗ ಸೋಮವಾರದ ಸ್ಲೈಡ್ ಮೇಜಿನ ಮೇಲೆ, ಸಂಖ್ಯೆಗಳನ್ನು ಬರೆದ ಬಿಳಿ ಹಾಳೆಯ ಮೇಲೆ ಇತ್ತು. ನಿಮ್ಮ ಹನಿ ಇದೇ ಎಂದು ಸ್ವಲ್ಪ ಮೊದಲು ನಾನೇ ಅವರಿಗೆ ತೋರಿಸಿದ್ದೆ.

ಮುಖ್ಯಸ್ಥರು ಪ್ರಬಂಧದ ಕೊನೆಯ ಪುಟ ತಿದ್ದುತ್ತಿದ್ದರು. ನಾನು ವಿಷಯ ತಿಳಿಸಿದೆ. ಅವರು ತಲೆ ಎತ್ತದೆ, "ಅರವತ್ತೊಂದು ವಯಸ್ಸಿಗೆ ಅರವತ್ತೇಳು ಸರಿಯಾಗೇ ಇದೆ. ಗೆರೆ ಮೇಲೇ ಕೂತಿದೆ. ಬಂದವರು ಅತ್ತರು ಅಂತ ಅಳತೆ ಬದಲಾಗುತ್ತಾ?" ಎಂದರು. ಅವರು ಅತ್ತಿಲ್ಲ ಎಂದು ನಾನು ಹೇಳಿದೆ. ಅವರು ತಿದ್ದುವುದನ್ನು ಮುಂದುವರಿಸಿದರು.

ಒಂದು ಗಂಟೆಗೆ ಕೆಳಗೆ ಬಂದಾಗ ಕುರ್ಚಿ ಖಾಲಿಯಿತ್ತು. ಕುರ್ಚಿಯನ್ನು ಮೇಜಿನ ಕೆಳಗೆ ನೀಟಾಗಿ ತಳ್ಳಿಟ್ಟಿದ್ದರು. ಬಿಳಿ ಹಾಳೆ ಇತ್ತು, ಸ್ಲೈಡ್ ಇರಲಿಲ್ಲ. ಹುಡುಕುತ್ತಿರುವಾಗ ಮುಖ್ಯಸ್ಥರು ಯಾವುದೋ ಕಾಗದಕ್ಕಾಗಿ ಕೆಳಗೆ ಬಂದರು, ಕೇಳಿದರು, ನಾನು ಇದ್ದದ್ದು ಹೇಳಿದೆ. ಅವರು ನನ್ನೆದುರೇ ಠಾಣೆಗೆ ಫೋನ್ ಮಾಡಿದರು. ಸ್ವಲ್ಪ ತಡೆಯಿರಿ ಎಂದು ನಾನು ಎರಡು ಸಲ ಹೇಳಿದ್ದನ್ನು ಅವರು ಫೋನ್ ಹಿಡಿದಿದ್ದರಿಂದ ಕೇಳಿಸಿಕೊಳ್ಳಲಿಲ್ಲವೋ, ಕೇಳಿಸಿಕೊಂಡರೋ, ನಾನು ಹೇಳಲಾರೆ.

ಎರಡು ಗಂಟೆ ಐದು ನಿಮಿಷಕ್ಕೆ ಟೈಲರಮ್ಮನನ್ನು ನಮ್ಮ ಗೇಟಿನಿಂದ ಸುಮಾರು ಮುನ್ನೂರು ಮೀಟರ್ ದೂರದ ಬಸ್ ನಿಲ್ದಾಣದಲ್ಲಿ ಪೊಲೀಸರು ಕಂಡರಂತೆ. ಅವರು ಓಡಿರಲಿಲ್ಲ, ಅಡಗಿರಲಿಲ್ಲ. ಇನ್ನೊಂದು ಊರಿನ ಆಸ್ಪತ್ರೆಗೆ ಹೋಗುವ ಬಸ್ಸಿಗೆ ಕಾಯುತ್ತ ಕೂತಿದ್ದರು. ಎಕ್ಸ್‌ರೇ ಹಾಳೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸಿದಂತೆ ಈ ಗಾಜನ್ನೂ ತೋರಿಸಬಹುದು ಎಂದುಕೊಂಡಿದ್ದರು. ಅಲ್ಲಿನ ಹನಿಗಳನ್ನು ಲೇಸರ್ ಆಗಲೇ ಸುಟ್ಟಿದೆ, ಅದನ್ನು ಇನ್ನು ಯಾರೂ ಓದಲಾರರು ಎಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿಯಲು ಕಾರಣವೂ ಇರಲಿಲ್ಲ.

ಮೂರು ಗಂಟೆಗೆ ಮುಖ್ಯಸ್ಥರು ಮತ್ತು ನಾನು ಸ್ಲೈಡನ್ನು ಗುರುತಿಸಲು ಠಾಣೆಗೆ ಬಂದೆವು. ಟೈಲರಮ್ಮ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಸೊಸೆ. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದರು, ಮೊಣಕೈ ಬಳಿ ಹೊಸ ಪಟ್ಟಿ ಇತ್ತು. ನಾವು ಒಳಗೆ ಹೋದಾಗ ಅವರ ಮಾತು ನಡೆಯುತ್ತಿತ್ತು.

"ಅತ್ತೆ, ಕದಿಯೋಕೆ ನಿಮಗೆ ಬೇರೇನೂ ಸಿಗಲಿಲ್ವಾ? ಒಂದು ಸರವೋ ಬಳೆಯೋ ಆಗಿದ್ರೆ ಹೇಳ್ಕೊಳ್ಳೋಕಾದ್ರೂ ಚೆನ್ನಾಗಿರ್ತಿತ್ತು. ಗಾಜಿನ ಚೂರು ಕದ್ದು ಸಿಕ್ಕಿಬಿದ್ದಿದೀರಲ್ಲ" ಎಂದು ಸೊಸೆ ಹೇಳುತ್ತಿದ್ದರು.

"ಸುಮ್ನಿರೇ. ನನ್ನ ರಕ್ತ, ನಾನು ತಗೊಂಡೆ. ಅದು ಹೇಗೆ ಕಳ್ಳತನ ಆಗುತ್ತೆ?"

"ಮಿಕ್ಕ ಹನ್ನೊಂದು ಜನರ ರಕ್ತ?"

"ಅವರದ್ದು ಜೊತೆಗೆ ಬಂತು. ಬಿಡಿಸೋಕೆ ಬರಲಿಲ್ಲ" ಎಂದು ಟೈಲರಮ್ಮ ಹೇಳಿದರು. ಬರಹಗಾರರು ನಗು ತಡೆಯಲು ಕೆಮ್ಮಿದರು.

ದೂರು ದಾಖಲಾದರೆ ಸಮಿತಿಗೆ ಠಾಣೆಯಿಂದ ಹೋಗಬೇಕಾದ ಪತ್ರ, ಅಂದರೆ ಈ ದಾನಿಯ ಮೇಲೆ ಯಾವ ಪ್ರಕರಣವೂ ಇಲ್ಲ ಎಂಬ ಪತ್ರ, ತಮ್ಮಿಂದ ಕೊಡಲು ಆಗುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಆಗ ತಿಳಿಸಿದರು. ಮುಂದಿನ ಸಭೆಗೂ ಆಗುವುದಿಲ್ಲ, ಪ್ರಕರಣ ಮುಗಿಯುವವರೆಗೂ ಆಗುವುದಿಲ್ಲ ಎಂದರು. ಅವರು ಇದನ್ನು ಹೆದರಿಸಲು ಹೇಳಲಿಲ್ಲ, ಇದ್ದದ್ದು ಹೇಳಿದರು. ಸೊಸೆಯ ಮುಖದಲ್ಲಿದ್ದ ನಗು ಹೋಯಿತು. ಟೈಲರಮ್ಮ ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದರು. ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

ಮೂರು ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಚೀಲದಿಂದ ಸ್ಲೈಡನ್ನು ತೆಗೆಸಿದರು. ಟೈಲರಮ್ಮ ಅದನ್ನು ಕಪ್ಪು ಅಸ್ತರಿನ ಬಟ್ಟೆಯಲ್ಲಿ ನಾಲ್ಕು ಮಡಿಕೆ ಹಾಕಿ ಸುತ್ತಿದ್ದರು. ಕ್ಯಾಮೆರಾ ರೀಲಿನಂತೆ ಬೆಳಕು ಬಿದ್ದರೆ ಹಾಳಾಗುತ್ತದೆ ಎಂದುಕೊಂಡು, ಕೋಟಿನ ಒಳಗೆ ಹಾಕಲು ಇಟ್ಟಿದ್ದ ಬಟ್ಟೆಯಲ್ಲಿ ಸುತ್ತಿದ್ದರು. ಮೇಜಿನ ಮೇಲೆ ಇಟ್ಟು ಮಡಿಕೆ ಬಿಡಿಸಿದರು. ಕಿಟಕಿಯಿಂದ ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಗಾಜಿಗೆ ಒಂದು ಗೀರೂ ಆಗಿರಲಿಲ್ಲ. ಇದೇ ನಿಮ್ಮದಾ ಎಂದು ಇನ್‌ಸ್ಪೆಕ್ಟರ್ ಕೇಳಿದರು.

ನಾನು ಬಾಗಿ ನೋಡಿದೆ. ನಮ್ಮದೇ ಎಂದೆ, ಆದರೆ ತಲೆ ಎತ್ತಲಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಎಲ್ಲವೂ ಬಿಳಿ. ಮೇಜು ಬಿಳಿ, ಹಾಳೆ ಬಿಳಿ, ಗೋಡೆ ಬಿಳಿ. ಶುಚಿಯಾಗಿ ಕಾಣಲಿ ಎಂದು ಹಾಗೆ ಮಾಡಿದ್ದು. ಆರು ತಿಂಗಳಲ್ಲಿ ಒಂದು ಸ್ಲೈಡನ್ನೂ ನಾವು ಕಪ್ಪಿನ ಮೇಲಿಟ್ಟು ನೋಡಿರಲಿಲ್ಲ. ಆ ಕಪ್ಪು ಬಟ್ಟೆಯ ಮೇಲೆ, ಆ ಓರೆ ಬಿಸಿಲಿನಲ್ಲಿ, ಗಾಜಿನ ಎಡತುದಿಯಿಂದ ಒಂದು ತೆಳುವಾದ ಬೂದು ಮಂಜು ಹಬ್ಬಿದ್ದು ಕಂಡಿತು. ಗಟ್ಟಿ ಮಾದರಿಯ ಸುತ್ತ ದಟ್ಟವಾಗಿತ್ತು. ಅದರ ಪಕ್ಕದ ಹನಿಯ ಮೇಲೆ, ಅಂದರೆ ಮೂವತ್ತೊಂದನೆಯ ಹನಿಯ ಮೇಲೆ, ಚೆನ್ನಾಗಿ ಬಿದ್ದಿತ್ತು. ಅದರಾಚೆಯದರ ಮೇಲೆ ಸ್ವಲ್ಪ ಕಡಿಮೆ, ಅದರಾಚೆ ಇನ್ನೂ ಕಡಿಮೆ. ಕೊನೆಯ ಹನಿಯ ಬಳಿ ಗಾಜು ಸ್ವಚ್ಛವಾಗಿತ್ತು. ಅದು ನನ್ನ ಗೋಡೆಯ ಮೇಲಿದ್ದ ಬಾಗೇ ಆಗಿತ್ತು. ದೂಳಿನಲ್ಲಿ ಬರೆದಂತಿತ್ತು.

ಲೇಸರ್ ಹೊಡೆದಾಗ ಕಿಡಿಯ ಜೊತೆ ಸ್ವಲ್ಪ ದೂಳೂ ಹಾರುತ್ತದೆ. ಅದನ್ನು ಎಳೆದುಕೊಳ್ಳಲು ಒಂದು ಹೀರು ಕೊಳವೆ ಇದೆ. ಅದರ ಬಾಯಿ ಸ್ಲೈಡಿನ ಬಲತುದಿಯಲ್ಲಿದೆ. ಗಟ್ಟಿ ಮಾದರಿ ಎಡತುದಿಯಲ್ಲಿದೆ. ಎಂದರೆ ಲೋಹ ತುಂಬಿದ ದೂಳನ್ನು ನಾವೇ ಹನ್ನೆರಡು ಜನರ ಮೇಲೆ ಹಾಯಿಸಿ ಎಳೆಯುತ್ತಿದ್ದೆವು. ಹತ್ತಿರ ಕೂತವರ ಮೇಲೆ ಹೆಚ್ಚು ಬೀಳುತ್ತಿತ್ತು. ಹತ್ತಿರ ಕೂರಿಸಿದ್ದು ಹಿರಿಯರನ್ನು, ಮತ್ತು ಕೂರಿಸಿದವಳು ನಾನು. ವಯಸ್ಸಿನ ಜೊತೆ ಏರುತ್ತಿದ್ದದ್ದು ಪ್ರೋಟೀನ್ ಅಲ್ಲ. ಹಿರಿಯರಿಗೆ ನಾನು ತೋರಿದ ಮರ್ಯಾದೆ.

ನಾನು ಮುಖ್ಯಸ್ಥರನ್ನು ಕರೆದು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಠಾಣೆಯ ಮೇಜಿನ ದೂಳಿರಬಹುದು ಎಂದರು. ನಾನು ಸ್ಲೈಡನ್ನು ಅಂಚಿನಿಂದ ಎತ್ತಿ ಊದಿದೆ. ಮಂಜು ಹೋಗಲಿಲ್ಲ.

ಪ್ರತಿ ಸ್ಲೈಡಿಗೂ ನಾವು ಒಂದು ಜೋಡಿ ಮಾಡಿ, ಲೇಸರ್ ಹೊಡೆಯದೆ, ಪೆಟ್ಟಿಗೆಯಲ್ಲಿ ಇಟ್ಟಿರುತ್ತೇವೆ. ಅದೇ ಹನಿಗಳು, ಅದೇ ಸಾಲು. ಸೋಮವಾರದ ಜೋಡಿಯೂ ಇತ್ತು. ಅದಕ್ಕೆ ಉಲ್ಟಾ ಕಡೆಯಿಂದ ಹೊಡೆಯೋಣ, ದಾನಿಗಳು ಮೊದಲು, ಗಟ್ಟಿ ಮಾದರಿ ಕೊನೆಗೆ, ಯಂತ್ರದ ಕಣ್ಣು ಸೋಮವಾರ ಹೊಂದಿಸಿದ್ದೇ ಸಾಕು, ಕೊಳವೆಯನ್ನೂ ಆಚೆ ತಿರುಗಿಸೋಣ, ಅರ್ಧ ಗಂಟೆಯ ಕೆಲಸ ಎಂದು ನಾನು ಹೇಳಿದೆ. ಲೇಸರಿನ ಕೀಲಿ ಮುಖ್ಯಸ್ಥರ ಬಳಿ ಇರುತ್ತದೆ. ಅದನ್ನು ಕೊಡಿ ಎಂದು ಆಜ್ಞೆ ಮಾಡುವ ಅಧಿಕಾರ ತಮಗಿಲ್ಲ ಎಂದು ಇನ್‌ಸ್ಪೆಕ್ಟರ್ ಹೇಳಿದರು.

ಅಂಕಿ ಬದಲಾದರೆ ನಾಳೆಯ ಪ್ರಬಂಧ ಇಲ್ಲ. ಅದು ಮುಖ್ಯಸ್ಥರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಕಿಟಕಿಯ ಬಳಿ ಹೋಗಿ ನಿಂತರು. ಆಗ ಟೈಲರಮ್ಮ ಬೆಂಚಿನಿಂದಲೇ, "ಸಾರ್, ಅಳತೆ ತಪ್ಪಿದ್ರೆ ಹೊಲಿಗೆ ಬಿಚ್ಚಬೇಕಾಗುತ್ತೆ. ಹೊಟ್ಟೆ ಉರಿಯುತ್ತೆ, ಗೊತ್ತು. ನಾನು ಎಷ್ಟು ಸಲ ಬಿಚ್ಚಿದೀನಿ. ಆದ್ರೆ ಸರಿಯಾಗಿದ್ರೆ ಸರಿ ಅಂತಲೇ ಹೇಳಿ, ನಾನು ಸುಮ್ಮನೆ ಮನೆಗೆ ಹೋಗ್ತೀನಿ" ಎಂದರು. ಸೊಸೆ ಮೆಲ್ಲಗೆ, "ಮನೆಗೆ ಎಲ್ಲಿ ಹೋಗ್ತೀರಿ, ನಿಮ್ಮನ್ನ ಹಿಡಿದುಕೊಂಡು ಬಂದಿದಾರೆ" ಎಂದರು.

ಮುಖ್ಯಸ್ಥರು ಜೇಬಿನಿಂದ ಕೀಲಿ ತೆಗೆದರು, ಆದರೆ ನನ್ನ ಕೈಗೆ ಕೊಡಲಿಲ್ಲ. "ನಾನೇ ಬರ್ತೀನಿ" ಎಂದರು.

ನಾಲ್ಕು ಗಂಟೆಗೆ ಮುಖ್ಯಸ್ಥರು, ನಾನು ಮತ್ತು ಇನ್‌ಸ್ಪೆಕ್ಟರ್ ಪ್ರಯೋಗಾಲಯ ತಲುಪಿದೆವು. ಹೀರು ಕೊಳವೆಯ ಸ್ಕ್ರೂಗಳನ್ನು ಬಿಚ್ಚಿ ಎಡಕ್ಕೆ ತಿರುಗಿಸಿದೆ. ಜೋಡಿ ಸ್ಲೈಡನ್ನು ಇಟ್ಟೆ. ಮೂವರೂ ಕಪ್ಪು ಕನ್ನಡಕ ಹಾಕಿಕೊಂಡೆವು. ಮುಖ್ಯಸ್ಥರು ಕೀಲಿ ತಿರುಗಿಸಿದರು.

ಸಿಡುಕಿ ಸಿಡಿಯತೊಡಗಿತು. ಕಿರಿಯವನಿಂದ ಶುರು. ಇಪ್ಪತ್ತು. ಅವನ ಪಕ್ಕದವರದು ಹತ್ತೊಂಬತ್ತು. ಇಪ್ಪತ್ತಮೂರು. ಹದಿನೆಂಟು. ಮುಖ್ಯಸ್ಥರು ಪ್ರತಿ ಅಂಕಿಯನ್ನೂ ತಾವೇ ಬಾಯಿಬಿಟ್ಟು ಓದಿದರು. ಸಾಲು ಹಿರಿಯರ ಕಡೆಗೆ ಬಂದಂತೆ ಅವರ ದನಿ ತಗ್ಗಿತು. ಹನ್ನೆರಡನೆಯದು ಮೂವತ್ತೊಂದನೆಯ ಹನಿ. ಚಟ್ ಎಂದಿತು. ನೀಲಿಬಿಳುಪಿನ ಒಂದು ಚುಕ್ಕೆ ಹುಟ್ಟಿ ಹೋಯಿತು. ನಾನು ಹಲವು ಸಾವಿರ ಕಿಡಿಗಳನ್ನು ನೋಡಿದ್ದೇನೆ. ಅದು ಯಾರ ಬೆಳಕೆಂದು ಗೊತ್ತಿದ್ದು ನೋಡಿದ್ದು ಅದೇ ಮೊದಲು.

ಪರದೆಯ ಮೇಲೆ ಇಪ್ಪತ್ತೆರಡು ಎಂದು ಬಂತು.

ಮುಖ್ಯಸ್ಥರು ಅದನ್ನು ಓದಲಿಲ್ಲ. ಇನ್‌ಸ್ಪೆಕ್ಟರ್ ನನ್ನತ್ತ ತಿರುಗಿ, "ಇದು ಒಳ್ಳೇದಾ ಕೆಟ್ಟದ್ದಾ?" ಎಂದು ಕೇಳಿದರು. ಒಳ್ಳೆಯದು ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಮುಖ್ಯಸ್ಥರು ನನ್ನ ಮೇಜಿನ ಎದುರಿನ ಗೋಡೆಯಿಂದ ಆ ಬಾಗಿನ ಚಿತ್ರವನ್ನು ಬಿಡಿಸಿದರು. ಹರಿಯಲಿಲ್ಲ, ಅಂಟನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಬಿಡಿಸಿದರು. "ಆರು ತಿಂಗಳು ದೂಳಿಗೆ ಸೂತ್ರ ಬರೆದೆನಲ್ಲ" ಎಂದರು. ಆಮೇಲೆ ಕುರ್ಚಿಯಲ್ಲಿ ಕೂತು ಹನ್ನೆರಡು ಅಂಕಿಗಳನ್ನು ಮೇಲಿನಿಂದ ಕೆಳಗೆ ನೋಡಿದರು. ಕೆಳಗಿನಿಂದ ಮೇಲೆ ನೋಡಿದರು. ವಯಸ್ಸಾದವರಿಗೊಂದು ಮಿತಿ, ಚಿಕ್ಕವರಿಗೊಂದು ಮಿತಿ ಎಂದು ಪ್ರಬಂಧದಲ್ಲಿ ಹೇಳಹೊರಟದ್ದು ಇನ್ನು ಬೇಕಾಗುವುದಿಲ್ಲ, ಈ ಅಂಕಿಗಳು ನಿಂತರೆ ಎಲ್ಲರಿಗೂ ಒಂದೇ ಗೆರೆ ಸಾಕು, ಪರೀಕ್ಷೆ ನಾವು ಅಂದುಕೊಂಡದ್ದಕ್ಕಿಂತ ಸರಳ ಎಂದು ನಾನು ಹೇಳಿದೆ. ಅವರು, "ಹೌದು. ಇದು ಅದಕ್ಕಿಂತ ಒಳ್ಳೇ ಪ್ರಬಂಧ. ಆದ್ರೆ ನಾಳೆಗಲ್ಲ" ಎಂದರು.

ನಾಲ್ಕು ಐವತ್ತಕ್ಕೆ ಅವರೇ ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿದರು. ತಪ್ಪು ನಮ್ಮ ಅಳತೆಯದು, ದಾನಿಯದಲ್ಲ ಎಂದು ಅದೇ ಮಾತಿನಲ್ಲಿ ಹೇಳಿದ್ದನ್ನು ನಾನು ಕೇಳಿರುತ್ತೇನೆ. ಆಸ್ಪತ್ರೆಯ ಉಳಿದೆಲ್ಲ ಪರೀಕ್ಷೆಗಳೂ ಮೊದಲೇ ಸರಿಯಾಗಿದ್ದವು, ಅಡ್ಡಿಯಾಗಿದ್ದು ನಮ್ಮ ಅಂಕಿಯೊಂದೇ ಎಂದು ವೈದ್ಯರು ತಿಳಿಸಿ, ಕಡತವನ್ನು ನಾಳೆಯ ಸಭೆಗೆ ಮತ್ತೆ ಸೇರಿಸುವುದಾಗಿಯೂ, ಠಾಣೆಯ ಪತ್ರ ಮಾತ್ರ ಬೆಳಿಗ್ಗೆ ಹತ್ತರೊಳಗೆ ಕೈಸೇರಬೇಕೆಂದೂ ಹೇಳಿದರು. ಹಿಂದಿನ ಸ್ಲೈಡುಗಳಿಂದಾಗಿ ಕಾಯುತ್ತಿರುವ ಇನ್ನಿಬ್ಬರು ಹಿರಿಯ ದಾನಿಗಳಿದ್ದಾರೆ. ಅವರ ಜೋಡಿ ಸ್ಲೈಡುಗಳನ್ನು ನಾಳೆ ಬೆಳಿಗ್ಗೆ ಮೊದಲ ಕೆಲಸವಾಗಿ ಅಳೆಯುವುದೆಂದು ನಿರ್ಧರಿಸಿದ್ದೇವೆ.

ಐದೂವರೆಗೆ ನಾವು ಠಾಣೆಗೆ ಮರಳಿದೆವು. ಅತ್ತೆ ಸೊಸೆ ಅದೇ ಬೆಂಚಿನಲ್ಲಿದ್ದರು. ಯಾರೋ ತರಿಸಿಕೊಟ್ಟ ಚಹಾ ಎರಡು ಲೋಟಗಳಲ್ಲಿ ಆರಿಹೋಗಿತ್ತು. ಸೊಸೆ ಅತ್ತೆಯ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು. ಟೈಲರಮ್ಮ ಅಲುಗಾಡದೆ ಕೂತಿದ್ದರು. ನಮ್ಮನ್ನು ಕಂಡೂ ಏಳಲಿಲ್ಲ. ಕಣ್ಣಿನಲ್ಲೇ ಕೇಳಿದರು.

ಇಪ್ಪತ್ತೆರಡು ಎಂದು ನಾನು ಹೇಳಿದೆ.

ಟೈಲರಮ್ಮ ಸೊಸೆಯ ಕೆನ್ನೆ ತಟ್ಟಿ ಎಬ್ಬಿಸಿ, "ಏಳೇ. ನಾನು ಹೇಳಲಿಲ್ವಾ? ನನ್ನದು ಗಟ್ಟಿ ಸಾಮಾನು" ಎಂದರು. ಸೊಸೆ ಕಣ್ಣು ಬಿಟ್ಟರು. ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, "ಇನ್ನು ಆಯ್ತು ನನ್ನ ಕಥೆ. ಇಷ್ಟು ದಿನ ಹೊರಗಿನಿಂದ ಬೈತಿದ್ರು, ಇನ್ನು ಒಳಗೆ ಕೂತು ಬೈತಾರೆ" ಎಂದರು. ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಪಟ್ಟಿ ಕಟ್ಟಿದ ತೋಳನ್ನು ಎತ್ತಬೇಡ ಎಂದು ಟೈಲರಮ್ಮ ಗದರಿ, ಆ ತೋಳನ್ನು ತಾವೇ ಹಿಡಿದು ಕೆಳಗಿಳಿಸಿದರು. ಇಳಿಸಿದ ಮೇಲೂ ಬಿಡಲಿಲ್ಲ.

ಮುಖ್ಯಸ್ಥರು ದೂರನ್ನು ಹಿಂತೆಗೆದುಕೊಳ್ಳುವುದಾಗಿ ಬರೆದುಕೊಟ್ಟರು. ದೂರು ಇನ್ನೂ ನೋಂದಣಿಯಾಗದೆ ವಿಚಾರಣೆಯ ಹಂತದಲ್ಲೇ ಇದ್ದುದರಿಂದ ಅದಕ್ಕೆ ಅಡ್ಡಿಯಿಲ್ಲ ಎಂದು ಇನ್‌ಸ್ಪೆಕ್ಟರ್ ತಿಳಿಸಿದರು. ಆದರೂ ನಡೆದದ್ದು ಕಾಗದದಲ್ಲಿ ಇರಬೇಕು, ನಾಳೆ ಸಮಿತಿಯವರು ಕೇಳಿದರೆ ತೋರಿಸಬೇಕು ಎಂದು ನನ್ನ ಹೇಳಿಕೆಯನ್ನು ಕೇಳಿದರು. ಟೈಲರಮ್ಮ ಸ್ಲೈಡನ್ನು ತೆಗೆದುಕೊಂಡು ಹೋದದ್ದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಕೇಳದೆ ತೆಗೆದುಕೊಂಡದ್ದು ಸರಿಯಲ್ಲ ಎಂದು ಅವರೂ ಒಪ್ಪಿರುತ್ತಾರೆ. ಆದರೆ ಅವರು ಕೇಳಿದ್ದರು, ನಾವು ಇಲ್ಲವೆಂದಿದ್ದೆವು ಎಂಬುದನ್ನೂ ಅದರ ಪಕ್ಕದಲ್ಲೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಪ್ರಯೋಗಾಲಯಕ್ಕೆ ಯಾವ ನಷ್ಟವೂ ಆಗಿಲ್ಲ. ಆದದ್ದು ಲಾಭ.

ಸಮಿತಿಗೆ ಹೋಗಬೇಕಾದ ಪತ್ರಕ್ಕೆ ಇನ್‌ಸ್ಪೆಕ್ಟರ್ ನನ್ನ ಎದುರೇ ಸಹಿ ಮಾಡಿ ಸೊಸೆಯ ಕೈಗೆ ಕೊಟ್ಟರು. ಸ್ಲೈಡನ್ನು ನನಗೆ ಹಿಂತಿರುಗಿಸಿದರು. ಮೇಜಿನ ಮೇಲೆ ಕಪ್ಪು ಬಟ್ಟೆ ಉಳಿಯಿತು. ಇದು ಯಾರಿಗೆ ಸೇರಬೇಕು ಎಂದು ಬರಹಗಾರರು ಕೇಳಿದರು. ನನಗೆ ಕೊಡುತ್ತೀರಾ, ಇನ್ನು ಮುಂದೆ ಪ್ರತಿ ಸ್ಲೈಡನ್ನೂ ಇದರ ಮೇಲಿಟ್ಟು ನೋಡುತ್ತೇನೆ ಎಂದು ನಾನು ಟೈಲರಮ್ಮನನ್ನು ಕೇಳಿದೆ. ಅವರು ಬಟ್ಟೆಯನ್ನು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಚಿ, ಕೈಯಿಂದ ತೀಡಿ ನನಗೆ ಕೊಟ್ಟರು.

"ತಗೋ. ನೀನು ಕೇಳಿ ತಗೊಂಡೆ, ಜಾಣೆ" ಎಂದರು.

ಅಂಚು ಹೊಲಿದಿಲ್ಲ, ನೂಲು ಬಿಡುತ್ತದೆ, ಆಪರೇಷನ್ ಆಗಿ ಮನೆಗೆ ಬಂದ ಮೇಲೆ ತಂದುಕೊಟ್ಟರೆ ಹೊಲಿದು ಕೊಡುತ್ತೇನೆ ಎಂದೂ ಹೇಳಿದರು. ತರುವುದಾಗಿ ನಾನು ಒಪ್ಪಿರುತ್ತೇನೆ.

ಇದಿಷ್ಟೂ ನಾನು ಕಂಡದ್ದು, ಕೇಳಿದ್ದು ಮತ್ತು ನನ್ನ ಕೈಯಿಂದ ಆದದ್ದು. ಬರಹಗಾರರು ಓದಿ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. ಇದರಲ್ಲಿ ಕೂಡಿಸಿದ್ದಿಲ್ಲ, ಬಿಟ್ಟದ್ದಿಲ್ಲ. ಒಂದು ಗಾಜಿನ ಸ್ಲೈಡ್ ಮತ್ತು ಸುಮಾರು ಒಂದು ಮೊಳ ಕಪ್ಪು ಅಸ್ತರಿನ ಬಟ್ಟೆಯನ್ನು ಪಡೆದುಕೊಂಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಗುರುವಾರ, ಸಂಜೆ ಆರು ಗಂಟೆ ನಲವತ್ತು ನಿಮಿಷ

ಹೇಳಿಕೆ ಕೊಟ್ಟವರ ಸಹಿ
ಬರೆದುಕೊಂಡವರ ಸಹಿ
ಸಾಕ್ಷಿ: ಟೈಲರಮ್ಮನ ಸೊಸೆ (ಬಲಗೈಗೆ ಪಟ್ಟಿ ಇದ್ದುದರಿಂದ ಎಡಗೈಯಲ್ಲಿ ಸಹಿ ಮಾಡಿದ್ದಾರೆ; ಕಾಗದ ಜರುಗದಂತೆ ಅತ್ತೆ ಹಿಡಿದುಕೊಂಡಿದ್ದರು)